ಈ ಬ್ರೋಕರ್ ಯಾರ ಕಡೆಯವನು? ನಾಗರಭಾವಿಯ ಒಂದು ಕಾಫಿ ಅಂಗಡಿಯ ಪ್ರಕರಣ

ಆ ಬಿಲ್ಲು ಹೆಚ್ಚುಕಮ್ಮಿ ಬಿಳಿಯಾಗಿಬಿಟ್ಟಿತ್ತು. ಮೂರು ಕಾಫಿ, ಒಂದು ಪ್ಲೇಟ್ ಮದ್ದೂರು ವಡೆ. ಮಷಿನ್‌ನಿಂದ ಬರುವ ಆ ನುಣುಪು ಕಾಗದದ ಮೇಲೆ ಅಕ್ಷರ ಒಂದು ವರ್ಷ ಉಳಿಯುವುದೇ ಕಷ್ಟ. ಆದರೂ ನನ್ನ ಕಕ್ಷಿದಾರರಾದ ಆಕೆ ಅದನ್ನು ತಮ್ಮ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಅಂಟಿಸಿಟ್ಟಿದ್ದರು. "ನಾವು ಮೊದಲು ಹೋಗಿ ನೋಡಿದ ಅಂಗಡಿ ಅಲ್ವಾ ಮೇಡಂ, ನೆನಪಿಗೆ ಅಂತ ಇಟ್ಕೊಂಡೆ" ಅಂದರು. ಟ್ಯೂಬ್‌ಲೈಟ್ ಕೆಳಗೆ ಹಿಡಿದು, ಓರೆ ಮಾಡಿ ನೋಡಿದಾಗ ಜಿಎಸ್‌ಟಿ ನಂಬರಿನ 15 ಅಕ್ಷರಗಳು ಮಸುಕಾಗಿ ಕಂಡವು. ಒಂದೊಂದಾಗಿ ಓದಿ ಬರೆದುಕೊಂಡೆ. ಈ ಪ್ರಕರಣದಲ್ಲಿ ನಮಗೆ ದಾರಿ ಸಿಕ್ಕಿದ್ದು ಅಲ್ಲಿಂದ.

ನಾನು ವಕೀಲೆ. ಕಚೇರಿ ಮೈಸೂರು ಬ್ಯಾಂಕ್ ಸರ್ಕಲ್ ಹತ್ತಿರ. ಒಬ್ಬ ಬ್ರೋಕರ್ ಮಾತು ನಂಬಿ ಕಾಫಿ ಕಂಪನಿಯೊಂದರ ಫ್ರಾಂಚೈಸಿ ತೆಗೆದುಕೊಂಡು, ಅಂದರೆ ಶುಲ್ಕ ಕಟ್ಟಿ ಆ ಕಂಪನಿಯ ಹೆಸರಿನಲ್ಲಿ ಅಂಗಡಿ ತೆರೆದು, ಹಣ ಕಳೆದುಕೊಂಡ ದಂಪತಿಯ ಪ್ರಕರಣ ಇದು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅವರ ಹೆಸರಾಗಲಿ, ಕಂಪನಿಯ ಹೆಸರಾಗಲಿ, ಬ್ರೋಕರ್ ಹೆಸರಾಗಲಿ ಇಲ್ಲಿ ಬರುವುದಿಲ್ಲ. ಬೇಕಾಗಿಯೂ ಇಲ್ಲ. ಬೆಂಗಳೂರಿನಲ್ಲಿ ಇಂಥ ಅಂಗಡಿಗಳು ಬೀದಿಗೊಂದು ಸಿಗುತ್ತವೆ. ಬಣ್ಣದ ಬೋರ್ಡು, ಒಂದೇ ಥರದ ಒಳಾಂಗಣ. ಆರು ತಿಂಗಳಿಗೆ ಶಟರ್ ಎಳೆದು, ‘ಬಾಡಿಗೆಗೆ ಇದೆ’ ಅನ್ನುವ ಚೀಟಿ. ಆ ಶಟರ್ ಹಿಂದೆ ಯಾರದೋ ಪಿಎಫ್ ಹಣ, ಯಾರದೋ ಬಳೆ ಇರುತ್ತದೆ.

ಅಂಗಡಿ ಶುರುವಾದ ಬಗೆ

ಗಂಡ ಪೀಣ್ಯದ ಒಂದು ಕಾರ್ಖಾನೆಯಲ್ಲಿ 26 ವರ್ಷ ಲೇತ್ ಮೇಲೆ ದುಡಿದವರು. 2023ರಲ್ಲಿ ಕಾರ್ಖಾನೆಯವರು ಕೆಲಸಗಾರರನ್ನು ಕಡಿಮೆ ಮಾಡಿದರು. ಎಲ್ಲ ಸೇರಿ ಕೈಗೆ ಬಂದದ್ದು 14 ಲಕ್ಷ ರೂಪಾಯಿ. ಹೆಂಡತಿ ಮನೆಯಲ್ಲೇ ಚಕ್ಕುಲಿ, ನಿಪ್ಪಟ್ಟು, ಕೋಡುಬಳೆ ಮಾಡಿ ಸುತ್ತಮುತ್ತಲಿನ ಕಾಂಡಿಮೆಂಟ್ಸ್ ಅಂಗಡಿಗಳಿಗೆ ಹಾಕುತ್ತಿದ್ದರು. ಕೈರುಚಿ ಇತ್ತು. ಲೆಕ್ಕ ಬರೆದಿಡುವ ಅಭ್ಯಾಸವೂ ಇತ್ತು. ಇಬ್ಬರೂ ಸೇರಿ ಒಂದು ಕಾಫಿ ಅಂಗಡಿ ಇಡೋಣ ಎಂದುಕೊಂಡರು.

ಆ ವರ್ಷ ಅರಮನೆ ಮೈದಾನದಲ್ಲಿ ನಡೆದ ಒಂದು ಬಿಸಿನೆಸ್ ಎಕ್ಸ್‌ಪೋಗೆ ಹೋದಾಗ ಆತ ಸಿಕ್ಕಿದ. ತಾನು ‘ಫ್ರಾಂಚೈಸಿ ಕನ್ಸಲ್ಟೆಂಟ್’ ಎಂದು ಪರಿಚಯ ಮಾಡಿಕೊಂಡ. ಕೊಟ್ಟ ಕಾರ್ಡಿನ ಮೇಲೆ ಕಾಫಿ ಕಂಪನಿಯ ಲೋಗೋ. ಅದರ ಕೆಳಗೆ ‘ಅಧಿಕೃತ ಚಾನೆಲ್ ಪಾರ್ಟ್‌ನರ್’ ಎಂಬ ಸಾಲು. ಮೂರನೇ ದಿನ ಮನೆಗೇ ಬಂದ. "ಅಕ್ಕ, ನಿಮ್ಮಿಂದ ನಂಗೆ ಒಂದು ರೂಪಾಯಿ ಬೇಡ. ನಿಮಗೆ ಯಾವುದು ಸರಿಹೋಗುತ್ತೋ ಅದನ್ನ ಹುಡುಕಿ ಕೊಡ್ತೀನಿ. ತಮ್ಮ ಅಂದ್ಕೊಳ್ಳಿ" ಅಂದ. ಅವತ್ತು ಅಲ್ಲೇ ಊಟ ಮಾಡಿದ. ಆಕೆ ನೋಟ್‌ಬುಕ್ಕಿನಲ್ಲಿ ಅದನ್ನೂ ತಾರೀಖು ಹಾಕಿ ಬರೆದಿದ್ದಾರೆ: "ಮಧ್ಯಾಹ್ನ ಬಂದ್ರು. ಹುಳಿ ಅನ್ನ, ಹಪ್ಪಳ. ಫೀಸು ಇಲ್ಲ ಅಂದ್ರು."

ಆಮೇಲೆ ವಾಟ್ಸಾಪ್‌ನಲ್ಲಿ ಒಂದು ಲೆಕ್ಕದ ಹಾಳೆ ಬಂತು. ದಿನಕ್ಕೆ 8,000 ರೂಪಾಯಿ ವ್ಯಾಪಾರ, ತಿಂಗಳಿಗೆ 2,40,000. ಸಾಮಾನಿಗೆ ನೂರಕ್ಕೆ 30, ಬಾಡಿಗೆ 32,000, ಇಬ್ಬರು ಕೆಲಸದವರಿಗೆ 30,000, ಕರೆಂಟು ಗ್ಯಾಸು 10,000, ಕಂಪನಿಗೆ ರಾಯಲ್ಟಿ ನೂರಕ್ಕೆ 6. ಎಲ್ಲ ಕಳೆದು ಉಳಿಯುವುದು 81,600. ಹಾಳೆಯ ಜೊತೆಗೆ ಒಂದು ವಾಯ್ಸ್ ನೋಟ್: "ಅಣ್ಣಂಗೆ ಹೇಳಿ ಅಕ್ಕ, ಇದು ಕಮ್ಮಿನೇ ಹಾಕಿರೋದು."

ಒಂದು ಶನಿವಾರ ಸಂಜೆ ಜಯನಗರದ ಕಡೆ ಒಂದು ಅಂಗಡಿಗೆ ಕರೆದುಕೊಂಡು ಹೋದ. ಜನ ತುಂಬಿತ್ತು, ನಿಲ್ಲಲು ಜಾಗ ಇರಲಿಲ್ಲ. "ಇವರೂ ನಿಮ್ ಥರಾನೇ, ಕೆಲಸ ಬಿಟ್ಟು ಫ್ರಾಂಚೈಸಿ ತಗೊಂಡೋರು" ಎಂದ. ಕಾಫಿಗೆ ದುಡ್ಡು ಕೊಟ್ಟಿದ್ದು ಗಂಡ. ಬಿಲ್ಲು ಹೆಂಡತಿಯ ಪರ್ಸಿಗೆ ಹೋಯಿತು. ಮರುದಿನ ಬೆಳಿಗ್ಗೆಯೇ ಫೋನು: ನಾಗರಭಾವಿಗೆ ಇನ್ನೊಬ್ಬರು ಕಾಯುತ್ತಿದ್ದಾರೆ, ಇವತ್ತೇ 50,000 ಟೋಕನ್ ಹಾಕಿದರೆ ಏರಿಯಾ ನಿಮಗೆ. ಆತ ಕಳಿಸಿದ ಕ್ಯೂಆರ್ ಕೋಡಿಗೆ ಹಣ ಹಾಕಿದರು. ಹಣ ಸೇರಿದ್ದು ಕಂಪನಿಯ ಖಾತೆಗೆ. ರಸೀದಿ ಬಂದದ್ದು ಕಂಪನಿಯಿಂದ. ರಸೀದಿಯ ಕೆಳಗೆ ‘ರೆಫರೆನ್ಸ್’ ಎಂಬ ಕಾಲಂನಲ್ಲಿ ಈ ಬ್ರೋಕರ್ ಸಂಸ್ಥೆಯ ಹೆಸರು.

ಒಟ್ಟು ಹೋದ ಹಣ ಇಷ್ಟು. ಫ್ರಾಂಚೈಸಿ ಶುಲ್ಕ 5 ಲಕ್ಷ, ಅದರ ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ 90,000. ಕಂಪನಿ ಹೇಳಿದ ಕಂಟ್ರಾಕ್ಟರ್‌ನಿಂದಲೇ ಮಾಡಿಸಬೇಕಾದ ಒಳಾಂಗಣ 6,50,000. ಮಷಿನ್‌ಗಳಿಗೆ 3 ಲಕ್ಷ. ಅಂಗಡಿ ಮಾಲೀಕರಿಗೆ ಹತ್ತು ತಿಂಗಳ ಅಡ್ವಾನ್ಸ್ 3,20,000. ಎಲ್ಲ ಸೇರಿ 18,60,000. ಕೈಯಲ್ಲಿದ್ದ 14 ಲಕ್ಷ ಸಾಲದೆ ಉಳಿದ 4,60,000ಕ್ಕೆ ಚಿನ್ನ ಅಡ ಇಟ್ಟರು. ಆ 90,000 ಜಿಎಸ್‌ಟಿ ವಾಪಸ್ ಹೊಂದಿಸಿಕೊಳ್ಳಬಹುದು ಎಂದು ಬ್ರೋಕರ್ ಹೇಳಿದ್ದನಂತೆ. ಅದೂ ಸರಿಯಲ್ಲ. ಇಂಥ ಹೋಟೆಲ್ ವ್ಯಾಪಾರಕ್ಕೆ ನೂರಕ್ಕೆ 5ರ ತೆರಿಗೆ, ಅದರಲ್ಲಿ ಹೀಗೆ ಹೊಂದಿಸಿಕೊಳ್ಳುವ ಸೌಲಭ್ಯ, ಅಂದರೆ ಇನ್‌ಪುಟ್ ಕ್ರೆಡಿಟ್, ಇಲ್ಲ. ಕೊಟ್ಟದ್ದು ಕೊಟ್ಟ ಹಾಗೆಯೇ.

2024ರ ಜನವರಿಯಲ್ಲಿ ಅಂಗಡಿ ತೆರೆಯಿತು. ನೋಟ್‌ಬುಕ್ಕಿನ ಒಂದೊಂದು ಪುಟವೂ ಒಂದೊಂದು ದಿನ. ಎಷ್ಟು ನಂದಿನಿ ಪ್ಯಾಕೆಟ್, ಎಷ್ಟು ಕಪ್, ಎಷ್ಟು ಉಳಿಯಿತು, ಎಷ್ಟು ಚೆಲ್ಲಿದೆವು. ಒಂಬತ್ತು ತಿಂಗಳ ಸರಾಸರಿ ತೆಗೆದಾಗ ದಿನದ ವ್ಯಾಪಾರ 3,200. ತಿಂಗಳಿಗೆ 96,000. ಸಾಮಾನು ನೂರಕ್ಕೆ 30 ಅಲ್ಲ, 42. ಕಾಫಿ ಪುಡಿಯಿಂದ ಹಿಡಿದು ಪೇಪರ್ ಕಪ್‌ವರೆಗೆ ಕಂಪನಿಯಿಂದಲೇ, ಕಂಪನಿ ಹೇಳಿದ ದರಕ್ಕೇ ಕೊಳ್ಳಬೇಕು ಎಂದು ಒಪ್ಪಂದದಲ್ಲಿತ್ತು. ಬಾಡಿಗೆ, ಸಂಬಳ, ಗ್ಯಾಸು, ರಾಯಲ್ಟಿ ಎಲ್ಲ ಸೇರಿ ಪ್ರತಿ ತಿಂಗಳು ಹತ್ತಿರ ಹತ್ತಿರ 20,000 ನಷ್ಟ.

ಇಲ್ಲೊಂದು ಮಾತು ಹೇಳಲೇಬೇಕು. ಬ್ರೋಕರ್ ಹೇಳಿದ 8,000ದ ವ್ಯಾಪಾರ ನಿಜಕ್ಕೂ ಆಗಿದ್ದರೂ, ಸಾಮಾನಿಗೆ 42 ಹಾಕಿ ಲೆಕ್ಕ ಮಾಡಿದರೆ ಉಳಿಯುತ್ತಿದ್ದದ್ದು 52,800 ಮಾತ್ರ. ಅಂದರೆ ಆ ಹಾಳೆ ಬರೀ ವ್ಯಾಪಾರವನ್ನು ದೊಡ್ಡದು ಮಾಡಿ ತೋರಿಸಿರಲಿಲ್ಲ. ಕಂಪನಿಯ ಸ್ವಂತ ದರಪಟ್ಟಿಗೂ ಅದು ಹೊಂದುತ್ತಿರಲಿಲ್ಲ. ಆ ದರಪಟ್ಟಿ ದಂಪತಿಯ ಕೈಗೆ ಬಂದದ್ದು ಸಹಿ ಹಾಕಿದ ಮೇಲೆ.

‘ಅವರು ನಮ್ಮವರಲ್ಲ’

ನನ್ನ ಹತ್ತಿರ ಬರುವ ಮುಂಚೆ ಅವರೇ ಕಂಪನಿಗೆ ಈಮೇಲ್ ಬರೆದಿದ್ದರು. ಉತ್ತರ ಎರಡು ಸಾಲು: ಆ ವ್ಯಕ್ತಿ ಸ್ವತಂತ್ರ ಸಲಹೆಗಾರ, ಕಂಪನಿಯ ನೌಕರ ಅಲ್ಲ, ಆತ ಕೊಟ್ಟ ಭರವಸೆಗೆ ಕಂಪನಿ ಹೊಣೆಯಲ್ಲ. ಒಪ್ಪಂದದ 31ನೇ ಕಲಮು ನೋಡಿ ಎಂದು ಸೇರಿಸಿದ್ದರು. ಅದರಲ್ಲಿ, ಈ ಬರಹದಲ್ಲಿ ಇಲ್ಲದ ಯಾವ ಮಾತನ್ನೂ ನಂಬಿ ಸಹಿ ಹಾಕಿಲ್ಲ ಎಂದು ಇವರ ಕೈಯಲ್ಲೇ ಬರೆಸಿಕೊಂಡಿದ್ದರು. ಬ್ರೋಕರ್‌ನನ್ನು ಕೇಳಿದರೆ, "ನಾನು ಬರೀ ಪರಿಚಯ ಮಾಡಿಸಿದ್ದು ಅಣ್ಣ, ಸಹಿ ಹಾಕಿದ್ದು ನೀವು, ಕಂಪನಿ." ಗಂಡ ನನ್ನ ಮುಂದೆ ಕೂತು ಹೇಳಿದ್ದು ಒಂದೇ ಮಾತು: "ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತಾರಲ್ಲ ಮೇಡಂ, ಹಾಗಾಯ್ತು."

ಹಾಗಾದರೆ ಈ ಬ್ರೋಕರ್ ಅಂದರೆ ಕಾನೂನಿನ ಕಣ್ಣಿಗೆ ಯಾರು?

ಮನೆ, ಸೈಟು ಮಾರಿಸುವ ಏಜೆಂಟ್‌ಗೆ 2016ರ ರೇರಾ ಕಾಯ್ದೆ ಇದೆ. ನೋಂದಣಿ ಇಲ್ಲದೆ ಆತ ರೇರಾದಲ್ಲಿ ನೋಂದಾಯಿಸಿದ ಯೋಜನೆಯ ಫ್ಲ್ಯಾಟ್ ಮಾರಿಸುವ ಹಾಗಿಲ್ಲ, ಸುಳ್ಳು ಹೇಳಿಕೆ ಕೊಡುವ ಹಾಗಿಲ್ಲ. ಷೇರು ಬ್ರೋಕರ್‌ಗೆ ಸೆಬಿಯ ನೋಂದಣಿ ಬೇಕು. ವಿಮೆ ಬ್ರೋಕರ್‌ಗೆ ಐಆರ್‌ಡಿಎಐ ಲೈಸೆನ್ಸ್ ಬೇಕು. ಯಶವಂತಪುರದ ಎಪಿಎಂಸಿಯಲ್ಲಿ ಈರುಳ್ಳಿ ಮಾರಿಸುವ ಕಮಿಷನ್ ಏಜೆಂಟ್‌ಗೂ ಲೈಸೆನ್ಸ್ ಬೇಕು. ಆದರೆ ಒಂದು ಕುಟುಂಬದ 18 ಲಕ್ಷವನ್ನು ಒಂದು ಬ್ರ್ಯಾಂಡಿನ ಕೈಗೆ ಹಾಕಿಸುವ ಫ್ರಾಂಚೈಸಿ ಬ್ರೋಕರ್‌ಗೆ ನಮ್ಮ ದೇಶದಲ್ಲಿ ಲೈಸೆನ್ಸೂ ಇಲ್ಲ, ನೋಂದಣಿಯೂ ಇಲ್ಲ, ವ್ಯಾಖ್ಯಾನವೂ ಇಲ್ಲ. ಫ್ರಾಂಚೈಸಿಗೆಂದೇ ಒಂದು ಪ್ರತ್ಯೇಕ ಕಾಯ್ದೆಯೇ ನಮ್ಮಲ್ಲಿಲ್ಲ. ‘ಫ್ರಾಂಚೈಸಿ’ ಎಂದರೇನು ಎಂದು ಒಂದು ಕಾಲಕ್ಕೆ 1994ರ ಹಣಕಾಸು ಕಾಯ್ದೆಯಲ್ಲಿ ಬರೆದಿದ್ದರು. ಅದು ಸೇವಾ ತೆರಿಗೆ ವಸೂಲಿಗಾಗಿ. ತೆರಿಗೆ ಹಾಕಲು ಬೇಕಾದ ವ್ಯಾಖ್ಯಾನವನ್ನು ನಾವು ಬರೆದುಕೊಂಡೆವು, ಹಣ ಹಾಕುವವರನ್ನು ಕಾಯಲು ಬೇಕಾದದ್ದನ್ನು ಬರೆಯಲಿಲ್ಲ. ಇದು ನನಗೆ ನಿಜವಾಗಿಯೂ ನೋವಿನ ವಿಷಯ.

ಬೇರೆ ಕಡೆ ಬರೆದಿದ್ದಾರೆ. ಮಲೇಷ್ಯಾದ 1998ರ ಫ್ರಾಂಚೈಸಿ ಕಾಯ್ದೆಯಲ್ಲಿ ಫ್ರಾಂಚೈಸಿ ಬ್ರೋಕರ್ ಅಂದರೆ ಯಾರು ಎಂದು ಸ್ಪಷ್ಟವಾಗಿದೆ: ಪ್ರತಿಫಲ ಪಡೆದು, ಕಂಪನಿಯ ಏಜೆಂಟ್ ಅಥವಾ ಪ್ರತಿನಿಧಿಯಾಗಿ ಫ್ರಾಂಚೈಸಿ ಮಾರುವುದನ್ನೇ ವ್ಯವಹಾರ ಮಾಡಿಕೊಂಡವನು. ಕಂಪನಿಯ ನಿರ್ದೇಶಕರು, ನೌಕರರು ಇದರಲ್ಲಿ ಬರುವುದಿಲ್ಲ. ಇಂಥ ಬ್ರೋಕರ್ ಸರ್ಕಾರದ ರಿಜಿಸ್ಟ್ರಾರ್ ಬಳಿ ನೋಂದಾಯಿಸಿಕೊಳ್ಳಲೇಬೇಕು. ವ್ಯಾಖ್ಯಾನದಲ್ಲೇ ಆತ ಕಂಪನಿಯ ಕಡೆಯವನು ಎಂದು ಬರೆದುಬಿಟ್ಟಿದ್ದಾರೆ ನೋಡಿ. ಅಲ್ಲಿ ಸಹಿಗೆ 10 ದಿನ ಮೊದಲು ಒಪ್ಪಂದದ ಪ್ರತಿ, ಮಾಹಿತಿ ಪತ್ರ ಕೈಗೆ ಬಂದಿರಬೇಕು. ಸಹಿ ಆದ ಮೇಲೂ ಕಡೇಪಕ್ಷ ಏಳು ಕೆಲಸದ ದಿನಗಳೊಳಗೆ ಬೇಡ ಅನ್ನಬಹುದು.

ಅಮೆರಿಕದಲ್ಲಿ ಕೇಂದ್ರ ವ್ಯಾಪಾರ ಆಯೋಗದ ಫ್ರಾಂಚೈಸಿ ನಿಯಮ 1979ರಿಂದ ಇದೆ. ಮೊದಲಿನ ನಿಯಮದಲ್ಲಿ ‘ಫ್ರಾಂಚೈಸಿ ಬ್ರೋಕರ್’ ಎಂದೇ ಪ್ರತ್ಯೇಕ ವ್ಯಾಖ್ಯಾನ ಇತ್ತು: ಕಂಪನಿಯೂ ಅಲ್ಲದ, ಫ್ರಾಂಚೈಸಿ ಪಡೆದವನೂ ಅಲ್ಲದ, ಆದರೆ ಫ್ರಾಂಚೈಸಿಯನ್ನು ಮಾರುವ ಅಥವಾ ಮಾರಾಟ ಕುದುರಿಸುವ ವ್ಯಕ್ತಿ. 2007ರಲ್ಲಿ ನಿಯಮ ತಿದ್ದಿದಾಗ ಆತನನ್ನು ‘ಫ್ರಾಂಚೈಸಿ ಮಾರುವವರು’ ಎಂಬ ದೊಡ್ಡ ಗುಂಪಿಗೆ ಸೇರಿಸಿದರು. ಅದರಲ್ಲಿ ಕಂಪನಿ, ಅದರ ನೌಕರರು, ಹೊರಗಿನ ಬ್ರೋಕರ್ ಎಲ್ಲರೂ ಬರುತ್ತಾರೆ. ಸಹಿಗೆ ಅಥವಾ ಹಣಕ್ಕೆ 14 ದಿನ ಮೊದಲು 23 ವಿಷಯಗಳ ಮಾಹಿತಿ ಪತ್ರ ಕೊಡಬೇಕು. ಇಷ್ಟು ಲಾಭ ಬರುತ್ತದೆ ಎಂದು ಹೇಳುವುದಾದರೆ ಆ ಪತ್ರದ 19ನೇ ವಿಷಯದಲ್ಲಿ, ಆಧಾರ ಸಮೇತ ಬರೆದಿರಬೇಕು. 20ನೆಯದರಲ್ಲಿ ಈಗಿರುವ ಅಂಗಡಿಯವರ, ಬಿಟ್ಟು ಹೋದವರ ಪಟ್ಟಿ ಇರಬೇಕು. ಕೊನೆಯ ಪುಟದ ರಸೀದಿಯಲ್ಲಿ ಈ ಮಾರಾಟ ಕುದುರಿಸಿದ ಒಬ್ಬೊಬ್ಬರ ಹೆಸರೂ ಇರಬೇಕು. ವಾಷಿಂಗ್ಟನ್ ರಾಜ್ಯದಲ್ಲಿ ಬ್ರೋಕರ್ ನೋಂದಣಿ ಮೊದಲಿನಿಂದಲೂ ಕಡ್ಡಾಯ. ಕ್ಯಾಲಿಫೋರ್ನಿಯಾ 2024ರಲ್ಲಿ ಹೊರಗಿನ ಬ್ರೋಕರ್‌ಗಳ ನೋಂದಣಿಗೆಂದೇ ಕಾನೂನು ಮಾಡಿತು.

ಇದನ್ನೆಲ್ಲ ನಾಗರಭಾವಿಯ ದಂಪತಿಗೆ ಹೇಳಿ ಪ್ರಯೋಜನ ಇರಲಿಲ್ಲ. ನನ್ನ ಕೈಯಲ್ಲಿ ಇದ್ದದ್ದು 1872ರ ಭಾರತೀಯ ಕರಾರು ಕಾಯ್ದೆ. ಹಳೆಯದಾದರೂ ಅದರಲ್ಲಿ ಏಜೆಂಟ್ ಬಗ್ಗೆ ಒಂದು ಇಡೀ ಅಧ್ಯಾಯ ಇದೆ.

ಎರಡು ದೋಣಿಯ ಮೇಲೆ ಕಾಲು

182ನೇ ಕಲಮಿನ ಪ್ರಕಾರ, ಇನ್ನೊಬ್ಬರ ಪರವಾಗಿ ಕೆಲಸ ಮಾಡಲು ಅಥವಾ ಮೂರನೆಯವರ ಜೊತೆಗಿನ ವ್ಯವಹಾರದಲ್ಲಿ ಅವರನ್ನು ಪ್ರತಿನಿಧಿಸಲು ನೇಮಕವಾದವನು ಏಜೆಂಟ್. ಕಾರ್ಡಿನ ಮೇಲೆ ‘ಕನ್ಸಲ್ಟೆಂಟ್’ ಅಂತ ಇದೆಯೋ ‘ಪಾರ್ಟ್‌ನರ್’ ಅಂತ ಇದೆಯೋ ಅದು ಮುಖ್ಯ ಅಲ್ಲ. ಮಾಡಿದ ಕೆಲಸ ಮುಖ್ಯ. ಏಜೆಂಟ್ ಆಗಲು ಸಂಬಳ ಇರಲೇಬೇಕೆಂದೂ ಇಲ್ಲ, 185ನೇ ಕಲಮು ಅದನ್ನು ಹೇಳುತ್ತದೆ. ಈತ ನನ್ನ ಏಜೆಂಟ್ ಎಂದು ಮೂರನೆಯವರು ನಂಬುವ ಹಾಗೆ ಕಂಪನಿಯೇ ನಡೆದುಕೊಂಡಿದ್ದರೆ, ಆಮೇಲೆ ಆತನಿಗೆ ಅಧಿಕಾರ ಇರಲಿಲ್ಲ ಎಂದು ಜಾರಿಕೊಳ್ಳಲು 237ನೇ ಕಲಮು ಬಿಡುವುದಿಲ್ಲ. ಲೋಗೋ ಇರುವ ಕಾರ್ಡು, ಕಂಪನಿಯದೇ ಕ್ಯೂಆರ್ ಕೋಡು, ರಸೀದಿಯಲ್ಲಿ ಆತನ ಸಂಸ್ಥೆಯ ಹೆಸರು. ಈ ಮೂರು ಸಾಕಷ್ಟು ಬಲವಾಗಿದ್ದವು.

238ನೇ ಕಲಮು ಇನ್ನೂ ಹತ್ತಿರ ಬರುತ್ತದೆ. ಯಜಮಾನನ, ಅಂದರೆ ತನ್ನನ್ನು ನೇಮಿಸಿದವರ, ಕೆಲಸ ಮಾಡುವಾಗ ಏಜೆಂಟ್ ಹೇಳಿದ ಸುಳ್ಳು, ಮಾಡಿದ ಮೋಸ, ಆತ ಮಾಡಿಕೊಂಡ ಒಪ್ಪಂದದ ಮಟ್ಟಿಗೆ ಯಜಮಾನನೇ ಮಾಡಿದ ಹಾಗೆ. ಆದರೆ ‘ಆತ ಮಾಡಿಕೊಂಡ ಒಪ್ಪಂದ’ ಎನ್ನುವ ಪದವನ್ನು ಕಂಪನಿಯ ವಕೀಲರು ಹಿಡಿಯುತ್ತಾರೆ ಎಂದು ನನಗೆ ಗೊತ್ತಿತ್ತು. ಬ್ರೋಕರ್ ಸಹಿ ಹಾಕಿಲ್ಲ, ಒಪ್ಪಂದ ಮಾಡಿದ್ದು ಕಂಪನಿ. ಅದಕ್ಕೆ 17ನೇ ಕಲಮಿನ ಆಸರೆ ಬೇಕಾಯಿತು. ಮೋಸ ಎಂದರೇನು ಎಂದು ಹೇಳುವ ಆ ಕಲಮಿನಲ್ಲಿ, ಒಪ್ಪಂದದ ಪಕ್ಷದವರು ಮಾಡಿದ್ದು ಮಾತ್ರವಲ್ಲ, ಅವರ ಏಜೆಂಟ್ ಮಾಡಿದ್ದೂ ಸೇರುತ್ತದೆ. ಮೋಸದಿಂದ ಪಡೆದ ಒಪ್ಪಿಗೆಯ ಮೇಲೆ ನಿಂತ ಒಪ್ಪಂದವನ್ನು 19ನೇ ಕಲಮಿನಡಿ ರದ್ದು ಮಾಡಬಹುದು. ಫ್ರಾಂಚೈಸಿ ಒಪ್ಪಂದದ 31ನೇ ಕಲಮಿನಂಥ ಬರಹಗಳೂ ಇಲ್ಲಿ ಅಡ್ಡ ಬರಲಾರವು. ಬರಹದ ಒಪ್ಪಂದದ ಎದುರು ಬಾಯಿಮಾತಿನ ಸಾಕ್ಷ್ಯ ನಡೆಯುವುದಿಲ್ಲ ಎಂಬ ನಿಯಮಕ್ಕೆ ಮೋಸ ಮೊದಲ ಅಪವಾದ. ಹಳೆಯ ಸಾಕ್ಷ್ಯ ಕಾಯ್ದೆಯಲ್ಲೂ ಹೀಗೇ ಇತ್ತು, 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಹೀಗೇ ಇದೆ.

ಇನ್ನು ಬ್ರೋಕರ್ ‘ನಾನು ಕಂಪನಿಯವನಲ್ಲ’ ಎಂದೇ ಹಟ ಹಿಡಿದರೆ? ಆಗ ಆತ ಯಾರ ಪರ ಕೆಲಸ ಮಾಡಿದ? ‘ನಿಮಗೆ ಸರಿಹೋಗುವುದನ್ನು ಹುಡುಕಿ ಕೊಡುತ್ತೇನೆ’ ಎಂದಿದ್ದು ದಂಪತಿಗೆ. ಹಾಗಾದರೆ ಅವರ ಏಜೆಂಟ್ ಆಗಬೇಕು. ಏಜೆಂಟ್ ತನ್ನ ಯಜಮಾನನಿಗೆ ತಿಳಿಸದೆ ಆ ವ್ಯವಹಾರದಲ್ಲೇ ಸ್ವಂತ ಲಾಭ ಮಾಡಿಕೊಂಡರೆ 215, 216ನೇ ಕಲಮುಗಳು ಕೇಳುತ್ತವೆ. ಎರಡು ದೋಣಿಯಲ್ಲಿ ಯಾವುದರ ಮೇಲೆ ಕಾಲಿಟ್ಟರೂ ಹೊಣೆ ಇದೆ. ಈ ಮಾತನ್ನು ಹೇಳಲು ಆತನನ್ನು ಒಮ್ಮೆ ಕಚೇರಿಗೆ ಕರೆದೆ. ಬಂದ. ಮೊದಲ ಹದಿನೈದು ನಿಮಿಷ ‘ಪರಿಚಯ ಮಾಡಿಸಿದ್ದಷ್ಟೇ’ ಎಂದೇ ಹೇಳುತ್ತಿದ್ದ. ಆಮೇಲೆ ಗಂಡನ ದನಿ ಸ್ವಲ್ಪ ಏರಿತು. ಆತನಿಗೂ ಕೋಪ ಬಂತು. "ಐದು ಲಕ್ಷದಲ್ಲಿ ನಂಗೆ ಬಂದಿದ್ದು ಎರಡೇ ಲಕ್ಷ, ಮಿಕ್ಕಿದ್ದು ಕಂಪನಿ ತಿಂದಿದೆ, ಅವರನ್ನ ಹೋಗಿ ಕೇಳಿ" ಅಂದ. ಹೆಂಡತಿ ಅಲ್ಲೇ ಕೂತು ನೋಟ್‌ಬುಕ್ ತೆಗೆದು ಅದನ್ನು ಬರೆದುಕೊಂಡರು. ‘ಒಂದು ರೂಪಾಯಿ ಬೇಡ’ ಎಂದ ತಮ್ಮನಿಗೆ ಸಿಕ್ಕಿದ್ದು ಅವರೇ ಕಟ್ಟಿದ ಶುಲ್ಕದ ನೂರಕ್ಕೆ 40 ಭಾಗ ಎಂದು ಅವರಿಗೆ ಗೊತ್ತಾಗಿದ್ದು ಆ ಕ್ಷಣದಲ್ಲಿ. ಬರೆಯುವಾಗ ಪೆನ್ನು ಎರಡು ಸಲ ನಿಂತಿತು.

ನೋಟಿಸ್‌ನಲ್ಲಿ ಕಂಪನಿಗೆ ಒಂದು ಪ್ರಶ್ನೆ ಕೇಳಿದೆ. ಈ ವ್ಯಕ್ತಿಗೆ ಕೊಟ್ಟ ಹಣದ ಮೇಲೆ ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ, ಕಡಿದಿದ್ದು ಯಾವ ಕಲಮಿನಡಿ? ಆಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 194ಎಚ್ ಕಮಿಷನ್ ಮತ್ತು ದಲ್ಲಾಳಿಗೆ ಸಂಬಂಧಿಸಿದ್ದು. ಅದರ ವಿವರಣೆಯಲ್ಲೇ ‘ಇನ್ನೊಬ್ಬರ ಪರವಾಗಿ ಕೆಲಸ ಮಾಡುವ ವ್ಯಕ್ತಿ’ ಪಡೆಯುವ ಹಣ ಎಂದಿದೆ. 194ಎಚ್ ಎಂದು ಬರೆದರೆ ಆತ ತಮ್ಮ ಪರ ಕೆಲಸ ಮಾಡಿದ ಎಂದು ಒಪ್ಪಿದ ಹಾಗೆ. ಬೇರೆ ಕಲಮು ಬರೆದರೆ ತೆರಿಗೆ ಇಲಾಖೆಗೆ ವಿವರಣೆ ಕೊಡಬೇಕು. ಉತ್ತರದ ನೋಟಿಸ್ ಒಂಬತ್ತು ಪುಟ ಇತ್ತು. ಈ ಪ್ರಶ್ನೆಗೆ ಮಾತ್ರ ಉತ್ತರ ಇರಲಿಲ್ಲ.

ಬಿಲ್ಲಿನ 15 ಅಕ್ಷರ

ನಮ್ಮ ಪ್ರಕರಣದಲ್ಲಿ ದುರ್ಬಲ ಜಾಗವೂ ಇತ್ತು. ‘ತಿಂಗಳಿಗೆ 80,000 ಉಳಿಯುತ್ತೆ’ ಎನ್ನುವುದು ಮುಂದಾಗುವುದರ ಅಂದಾಜು. ಅಂದಾಜು ತಪ್ಪಾದ ಮಾತ್ರಕ್ಕೆ ಮೋಸ ಆಗುವುದಿಲ್ಲ. ಜೊತೆಗೆ, ಬರೀ ತಪ್ಪು ಹೇಳಿಕೆಯಾಗಿದ್ದರೆ, ಸಾಮಾನ್ಯ ಎಚ್ಚರ ವಹಿಸಿ ನಿಜ ತಿಳಿದುಕೊಳ್ಳಬಹುದಿತ್ತಲ್ಲ ಎಂದು 19ನೇ ಕಲಮಿನ ಅಪವಾದವನ್ನು ಕಂಪನಿ ಎತ್ತಬಹುದು. ಬೇರೆ ಅಂಗಡಿಯವರನ್ನು ಯಾಕೆ ಕೇಳಲಿಲ್ಲ? ಇದು ನ್ಯಾಯವಾದ ಪ್ರಶ್ನೆಯೇ. ದಂಪತಿ ಕೇಳಿರಲಿಲ್ಲ. ಜಯನಗರದ ಅಂಗಡಿ ನೋಡಿ ನಂಬಿದ್ದರು.

ಆಗ ಆ ಬಿಲ್ಲು ಸಿಕ್ಕಿತು. ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ಆಮೇಲಿನ ಹತ್ತು ಅಕ್ಷರ ಆ ವ್ಯಾಪಾರಿಯ ಪ್ಯಾನ್. ಬಿಲ್ಲಿನಿಂದ ಬರೆದುಕೊಂಡ ಹತ್ತು ಅಕ್ಷರವನ್ನು ಫ್ರಾಂಚೈಸಿ ಒಪ್ಪಂದದ ಮೊದಲ ಪುಟದಲ್ಲಿದ್ದ ಕಂಪನಿಯ ಪ್ಯಾನ್ ಪಕ್ಕ ಇಟ್ಟೆ. ಎರಡೂ ಒಂದೇ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಆ ನಂಬರ್ ಹಾಕಿದಾಗ ಬಂದದ್ದೂ ಕಂಪನಿಯ ಹೆಸರೇ. ‘ನಿಮ್ಮ ಥರಾನೇ ಫ್ರಾಂಚೈಸಿ ತಗೊಂಡೋರು’ ಎಂದು ತೋರಿಸಿದ ಅಂಗಡಿ ಯಾರ ಫ್ರಾಂಚೈಸಿಯೂ ಆಗಿರಲಿಲ್ಲ. ಕಂಪನಿ ತಾನೇ ನಡೆಸುತ್ತಿದ್ದ ಅಂಗಡಿ. ಅಲ್ಲಿ ರಾಯಲ್ಟಿ ಇಲ್ಲ, ಶುಲ್ಕ ಇಲ್ಲ, ಸಾಮಾನಿನ ಮೇಲೆ ಕಂಪನಿಯ ಲಾಭದ ಹೊರೆ ಇಲ್ಲ. ಇದು ಅಂದಾಜಲ್ಲ. ನಡೆದಿರುವ ಸಂಗತಿಯ ಬಗ್ಗೆ, ಗೊತ್ತಿದ್ದೂ ಹೇಳಿದ ಸುಳ್ಳು. ಹೀಗೆ ಬೇಕೆಂದೇ ಮಾಡಿದ ಮೋಸಕ್ಕೆ ಆ ‘ಸಾಮಾನ್ಯ ಎಚ್ಚರ’ದ ಅಪವಾದ ತಾಗುವುದಿಲ್ಲ.

ಆ ಮಾತು ಆಡಿದ್ದಕ್ಕೆ ಪುರಾವೆ? ಅದೇ ಶನಿವಾರ ರಾತ್ರಿ ಆತ ಕಳಿಸಿದ್ದ ವಾಯ್ಸ್ ನೋಟ್: "ನೋಡಿದ್ರಲ್ಲ ಅಕ್ಕ, ಫ್ರಾಂಚೈಸಿ ತಗೊಂಡೋರು ಹೆಂಗೆ ನಡೆಸ್ತಿದಾರೆ." ಹೆಂಡತಿಯ ಹಳೆಯ ಫೋನಿನ ಗಾಜು ಒಡೆದಿತ್ತು. ಮಗ ಹೊಸದು ಕೊಡಿಸಿ ಹಳೆಯದನ್ನು ಎಕ್ಸ್‌ಚೇಂಜ್‌ಗೆ ಹಾಕುವುದರಲ್ಲಿದ್ದ. ತಡೆದೆ. ಎಲೆಕ್ಟ್ರಾನಿಕ್ ದಾಖಲೆಯನ್ನು ಕೋರ್ಟಿಗೆ ಕೊಡಲು ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಪ್ರಮಾಣಪತ್ರ ಬೇಕು. ಮೂಲ ಫೋನು ಕೈಯಲ್ಲಿದ್ದರೆ ಕೆಲಸ ಸುಲಭ. ಬಿಲ್ಲನ್ನು ಅವತ್ತೇ ಜೆರಾಕ್ಸ್ ಮಾಡಿಸಿ, ಫೋಟೋ ತೆಗೆಸಿ ಇಟ್ಟೆವು. ಮೂಲದ ಅಕ್ಷರ ಈಗ ಪೂರ್ತಿ ಹೋಗಿದೆ.

ಯಾವ ಬಾಗಿಲು ತಟ್ಟುವುದು

ಗ್ರಾಹಕ ಆಯೋಗಕ್ಕೆ ಹೋಗೋಣ ಎಂದು ಗಂಡ ಕೇಳಿದರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ವ್ಯಾಪಾರದ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡವರಿಗೆ ಮಾತ್ರ ವಿನಾಯಿತಿ. ಹೆಂಡತಿ ಬೆಳಿಗ್ಗೆ ಆರಕ್ಕೆ ತಾವೇ ಡಿಕಾಕ್ಷನ್ ಇಳಿಸುತ್ತಿದ್ದರು, ಆದ್ದರಿಂದ ಕಂಪನಿಯ ವಿರುದ್ಧ ವಾದಿಸಬಹುದಿತ್ತು. ಬ್ರೋಕರ್ ವಿರುದ್ಧ ಮಾತ್ರ ತೊಡಕು ಇತ್ತು. ಆ ಕಾಯ್ದೆಯಲ್ಲಿ ಪುಕ್ಕಟೆ ಕೊಟ್ಟ ಸೇವೆ ಸೇವೆಯೇ ಅಲ್ಲ. ‘ನಿಮ್ಮಿಂದ ಒಂದು ರೂಪಾಯಿ ಬೇಡ’ ಎಂದ ಮಾತು ಆತನಿಗೆ ಅಲ್ಲಿ ರಕ್ಷಣೆ ಆಗುತ್ತಿತ್ತು. ಇದನ್ನು ಕೇಳಿ ಹೆಂಡತಿ ಬಹಳ ಹೊತ್ತು ಸುಮ್ಮನೆ ಕೂತಿದ್ದರು.

ಪೊಲೀಸ್ ದೂರು ಕೊಡಿ ಎಂದು ನೆಂಟರು ಹೇಳುತ್ತಿದ್ದರು. ಆ ದಾರಿ ಬೇಡ ಎಂದು ನಾನೇ ಹೇಳಿದೆ. ಅವರಿಗೆ ಬೇಕಿದ್ದದ್ದು ಹಣ.

2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯಲ್ಲಿ ಫ್ರಾಂಚೈಸಿ ಒಪ್ಪಂದಗಳ ವ್ಯಾಜ್ಯ ಹೆಸರಿಸಿಯೇ ಇದೆ. 3 ಲಕ್ಷ ದಾಟಿದರೆ ಅಲ್ಲಿಗೇ. ತುರ್ತು ಪರಿಹಾರ ಕೇಳದಿದ್ದರೆ, ದಾವೆಗೆ ಮುಂಚೆ ಮಧ್ಯಸ್ಥಿಕೆಗೆ ಹೋಗುವುದು 12ಎ ಕಲಮಿನಡಿ ಕಡ್ಡಾಯ. 2022ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತವಾಗಿ ಹೇಳಿದೆ. ಒಪ್ಪಂದದಲ್ಲಿ ದೆಹಲಿಯಲ್ಲಿ ಆರ್ಬಿಟ್ರೇಷನ್, ಅಂದರೆ ಕೋರ್ಟಿನ ಬದಲು ಖಾಸಗಿ ಪಂಚರ ಮುಂದೆ ತೀರ್ಪು, ಎಂದೂ ಇತ್ತು. ಪ್ರತಿ ಸಲ ದೆಹಲಿಗೆ ಹೋಗಿ ಬರುವ ಶಕ್ತಿ ಇವರಿಗಿರಲಿಲ್ಲ. ಆದರೆ ಬ್ರೋಕರ್ ಆ ಒಪ್ಪಂದಕ್ಕೆ ಸಹಿ ಹಾಕಿರಲಿಲ್ಲ. ಆತನ ವಿರುದ್ಧ ಬೆಂಗಳೂರಿನಲ್ಲೇ ದಾವೆ ಹೂಡಬಹುದಿತ್ತು. ಆ ದಾವೆಯಲ್ಲಿ ಆ ಬಿಲ್ಲು, ಆ ವಾಯ್ಸ್ ನೋಟ್, ಆ ಟಿಡಿಎಸ್ ಪ್ರಶ್ನೆ ಎಲ್ಲವೂ ಬಹಿರಂಗ ದಾಖಲೆ ಆಗುತ್ತಿದ್ದವು. ಕಂಪನಿ ಮಧ್ಯಸ್ಥಿಕೆಗೆ ಬರಲು ಒಪ್ಪಿದ್ದು ಇದಕ್ಕೇ ಎಂದು ನನ್ನ ಅಂದಾಜು.

ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ಮಧ್ಯಸ್ಥಿಕೆಗೆ ನಾಲ್ಕು ಸಲ ಕೂತೆವು. ಒಳಗೆ ಆಡಿದ ಮಾತು, ಒಪ್ಪಿದ ಮೊತ್ತ ಹೊರಗೆ ಹೇಳುವ ಹಾಗಿಲ್ಲ. ಹಾಕಿದ್ದೆಲ್ಲ ಬರಲಿಲ್ಲ ಎಂದಷ್ಟೇ ಹೇಳಬಲ್ಲೆ. ಅಲ್ಲಿ ಬರೆದು ಸಹಿ ಹಾಕಿದ ರಾಜಿಗೆ ಆರ್ಬಿಟ್ರೇಷನ್ ತೀರ್ಪಿನ ಬಲ ಇರುತ್ತದೆ. ಕೊಡದಿದ್ದರೆ ನೇರವಾಗಿ ವಸೂಲಿಗೆ ಹೋಗಬಹುದು.

ಈ ಮಾತುಕತೆಗೆ ಎಷ್ಟೋ ಮೊದಲು ಬಂದಿದ್ದ ಉತ್ತರದ ನೋಟಿಸ್‌ನಲ್ಲಿ ಒಂದು ಬೆದರಿಕೆ ಇತ್ತು: ಒಪ್ಪಂದ ಮುಗಿದ ಮೇಲೆ ಎರಡು ವರ್ಷ ಅದೇ ಜಾಗದಲ್ಲಿ ಕಾಫಿ ಮಾರುವ ಹಾಗಿಲ್ಲ. ಕರಾರು ಕಾಯ್ದೆಯ 27ನೇ ಕಲಮು ಇಂಥ ನಿರ್ಬಂಧವನ್ನು ಒಪ್ಪುವುದಿಲ್ಲ. ಒಪ್ಪಂದ ಜಾರಿಯಲ್ಲಿರುವಾಗ ಬೇರೆ ಬ್ರ್ಯಾಂಡ್ ಮಾರಬೇಡ ಎನ್ನಬಹುದು. 1995ರಲ್ಲಿ ಗುಜರಾತ್ ಬಾಟ್ಲಿಂಗ್ ಮತ್ತು ಕೋಕಾಕೋಲಾ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಒಪ್ಪಂದ ಮುಗಿದ ಮೇಲೆ ಒಬ್ಬರ ಹೊಟ್ಟೆಪಾಡನ್ನು ಕಟ್ಟಿಹಾಕುವುದು ಬೇರೆ ಮಾತು. ಬೋರ್ಡು, ಲೋಗೋ, ಪೇಪರ್ ಕಪ್ ಎಲ್ಲ ತೆಗೆದು, ತಮ್ಮದೇ ಹೆಸರಿನಲ್ಲಿ ನಡೆಸಿ ಎಂದು ಹೇಳಿದ್ದೆ.

ಕಳೆದ ತಿಂಗಳು ಆ ಕಡೆ ಹೋದಾಗ ಅಂಗಡಿಗೆ ಹೋಗಿದ್ದೆ. ಹಳದಿ ಬೋರ್ಡಿನ ಮೇಲೆ ಕನ್ನಡದಲ್ಲಿ ಹೆಂಡತಿಯ ಅಮ್ಮನ ಹೆಸರು. ಗಾಜಿನ ಡಬ್ಬಿಗಳಲ್ಲಿ ಅವರದೇ ಕೋಡುಬಳೆ, ನಿಪ್ಪಟ್ಟು. ಚಿಕ್ಕಮಗಳೂರಿನಿಂದ ತರಿಸಿದ ಪುಡಿ. ಗಂಡ ಕ್ಯಾಶ್‌ನಲ್ಲಿ, ಒಬ್ಬ ಹುಡುಗ ಸಹಾಯಕ್ಕೆ. ಕೌಂಟರ್ ಕೆಳಗಿನಿಂದ ಎರಡನೇ ನೋಟ್‌ಬುಕ್ ತೆಗೆದು ತೋರಿಸಿದರು. ದಿನಕ್ಕೆ 3,400. ಸಾಮಾನು ಈಗ ನೂರಕ್ಕೆ 29. ಬಾಡಿಗೆ, ಹುಡುಗನ ಸಂಬಳ, ಗ್ಯಾಸು ಕಳೆದು ತಿಂಗಳಿಗೆ 18,000 ಚಿಲ್ಲರೆ ಉಳಿಯುತ್ತಿದೆ. ಅಡ ಇಟ್ಟಿದ್ದರಲ್ಲಿ ಬಳೆ ಬಿಡಿಸಿಕೊಂಡು ಬಂದಿದ್ದಾರೆ, ಅವತ್ತು ಕೈಯಲ್ಲಿತ್ತು. ಸರ ಇನ್ನೂ ಬ್ಯಾಂಕಿನಲ್ಲೇ ಇದೆ.